ತೂಕವಿಲ್ಲದ ಡಬ್ಬಿ

ಐದನೆಯ ಸಲ ಬರೆದ ಪಟ್ಟಿಯೂ ಕೂಡಿಬರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಿಂದ ತಂದ ಗ್ರಾಫ್ ಹಾಳೆಯ ಹಿಂಬದಿಯಲ್ಲಿ, ಅವನು ಹೊಸ ಕಂಪ್ಯೂಟರಿಗೆಂದು ಪ್ರೊಸೆಸರಿನಿಂದ ಹಿಡಿದು ಪರದೆಯವರೆಗೆ ಎಂಟು ಸಾಲು ಬರೆದು, ಎದುರಿಗೆ ಬೆಲೆ ಬರೆದು, ಕೆಳಗೆ ಗೆರೆ ಎಳೆದು ಕೂಡಿದಾಗ ಅರವತ್ತೇಳು ಸಾವಿರ ಬಂತು. ಕೈಯಲ್ಲಿದ್ದದ್ದು ಅರವತ್ತು. ನಿನ್ನೆ ಅರವತ್ತೊಂದೂವರೆಗೆ ನಿಂತಿದ್ದ ಲೆಕ್ಕ ಬೆಳಗಾಗುವುದರೊಳಗೆ ಹೇಗೆ ಉಬ್ಬಿತೆಂದು ನೋಡಿದರೆ, ಅವನು ಆರಿಸಿಕೊಂಡಿದ್ದ ಮದರ್‌ಬೋರ್ಡು ಈಗ ಎಲ್ಲಿಯೂ ಸಿಗುತ್ತಿರಲಿಲ್ಲ. ಸಿಗುವ ಬೋರ್ಡಿಗೆ ಹಳೆಯ ರ‍್ಯಾಮ್ ಕೂರುತ್ತಿರಲಿಲ್ಲ. ಹೊಸ ರ‍್ಯಾಮ್ ಹಾಕಿದರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಉಳಿಯುತ್ತಿರಲಿಲ್ಲ. ಆ ಕಾರ್ಡಿಲ್ಲದೆ ನಕ್ಷೆ ಬಿಡಿಸಲಾಗುವುದಿಲ್ಲ ಎಂದು ಅವನೇ ಹೆಂಡತಿಗೆ ಎರಡು ತಿಂಗಳಿಂದ ಪಾಠ ಹೇಳುತ್ತ ಬಂದಿದ್ದ. ಇಪ್ಪತ್ತೆರಡು ವರ್ಷ ಲ್ಯಾಬ್ ಅಟೆಂಡರಾಗಿ ಸುಟ್ಟ ಮೀಟರು, ಕಡಿದ ತಂತಿ ಸರಿಮಾಡಿಕೊಂಡು ಬಂದವನನ್ನು ಕಾಲೇಜಿನಲ್ಲಿ ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಅದರಲ್ಲಿ ತಮಾಷೆ ಎಷ್ಟು, ಮರ್ಯಾದೆ ಎಷ್ಟು ಎಂದು ಅವನು ಬಿಡಿಸಿ ನೋಡುವ ಗೋಜಿಗೆ ಹೋಗಿರಲಿಲ್ಲ. ಮನೆಯಲ್ಲಂತೂ ಆ ಹೆಸರು ಪೂರ್ತಿ ಮರ್ಯಾದೆಯದೇ ಆಗಿತ್ತು. ಈಗ ಎಂಟು ಸಾಲು ಹೊಂದಿಸಲಾಗದೆ ಕೂತಿರುವಾಗ ಪೆನ್ಸಿಲಿನ ತುದಿ ಎರಡು ಸಲ ಮುರಿಯಿತು.

ಹೆಂಡತಿ ಹಿಂದಿನಿಂದ ಬಂದು ಪಟ್ಟಿಯ ಮೇಲೆ ಬಗ್ಗಿದಳು. ಅವಳ ಬೆರಳುಗಳಲ್ಲಿ ಸೀಸದ ಮಸಿ ಇತ್ತು. ಮನೆಯಲ್ಲೇ ಕೂತು ಮೇಸ್ತ್ರಿಗಳಿಗೆ, ಸಣ್ಣಪುಟ್ಟ ಗುತ್ತಿಗೆದಾರರಿಗೆ ಮನೆ ನಕ್ಷೆ ಬಿಡಿಸಿಕೊಡುವುದು ಅವಳ ಕೆಲಸ. ಕಂಪ್ಯೂಟರು ಸುಟ್ಟ ಮೇಲೆ ಕಪಾಟಿನ ಮೇಲಿಂದ ಹಳೆಯ ಹಲಗೆ ಇಳಿಸಿಕೊಂಡು, ಒಂದು ಗಂಟೆಯಲ್ಲಿ ಆಗುತ್ತಿದ್ದುದನ್ನು ಎರಡು ದಿನ ಬೆನ್ನು ಬಗ್ಗಿಸಿ ಬಿಡಿಸುತ್ತಿದ್ದಳು.

"ಈ ಪವರ್ ಸಪ್ಲೈಗೆ ಯಾಕ್ರೀ ಇಷ್ಟೊಂದು? ಬರೀ ಕರೆಂಟು ಕೊಡೋ ಡಬ್ಬಿ ತಾನೇ. ಇದರಲ್ಲಿ ಮೂರು ಸಾವಿರ ಕಡಿಮೆ ಮಾಡಿದರೆ ಆ ಕಾರ್ಡಿಗೆ ಆಗುತ್ತಲ್ಲ" ಎಂದಳು.

"ಅದನ್ನ ಕಡಿಮೆ ಮಾಡೋಕಾಗಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನೀವೇ ಹೇಳ್ತಿದ್ರಿ."

"ಆಗಲ್ಲ ಅಂದೆನಲ್ಲ" ಎಂದು ಅವನು ಸಿಡುಕಿದ. ಅವಳು ಒಂದು ಕ್ಷಣ ನೋಡಿ, "ಸರಿ, ನಿಮಗೆ ಗೊತ್ತಿರೋ ವಿಷಯ" ಎಂದು ಒಳಗೆ ಹೋದಳು. ಆ ಮಾತೇ ಅವನಿಗೆ ಮೊಳೆಯ ಹಾಗೆ ನಾಟಿತು.

ಗೊತ್ತಿರುವ ವಿಷಯವೇ. ಮೂರು ವರ್ಷದ ಹಿಂದೆ ಹಳೆಯ ಯಂತ್ರವನ್ನು ಭಾಗ ಭಾಗವಾಗಿ ಆರಿಸಿ ತಂದು, ಇದೇ ಮೇಜಿನ ಮೇಲೆ ಜೋಡಿಸಿದವನು ಅವನೇ. ಆಗ ಪಟ್ಟಿಯಲ್ಲಿ ನಾಲ್ಕು ಸಾವಿರದ ಪವರ್ ಸಪ್ಲೈ ಎಂದು ಬರೆದು, ದುಡ್ಡು ತೆಗೆದುಕೊಂಡು ಹೋಗಿ, ಒಂಬೈನೂರಕ್ಕೆ ಸಿಗುವ ಹೆಸರಿಲ್ಲದ ಡಬ್ಬಿಯೊಂದನ್ನು ಹಾಕಿದ್ದ. ಒಳಗಿರುವುದನ್ನು ಯಾರು ನೋಡುತ್ತಾರೆ. "ಒಳ್ಳೇ ಕಂಪನಿದು" ಎಂದು ಹೇಳಿದ್ದ, ಅವಳು ತಲೆಯಾಡಿಸಿದ್ದಳು. ನಕ್ಷೆಗಳನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿ ಇಟ್ಟುಕೊಳ್ಳಬೇಕೇನೋ ಎಂದು ಅವಳು ಒಮ್ಮೆ ಕೇಳಿದಾಗ, "ಯಾಕೆ, ನಾನಿಲ್ವಾ?" ಎಂದಿದ್ದ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕೋಣೆಯಿಂದ ಟಪ್ಪೆಂದು ಸದ್ದು ಬಂತು. ಆಮೇಲೆ ವಾಸನೆ. ಆ ವಾಸನೆ ಅವನಿಗೆ ಹೊಸದಲ್ಲ. ಪ್ರಯೋಗಶಾಲೆಯಲ್ಲಿ ಹುಡುಗರು ತಪ್ಪು ತಂತಿ ಸೇರಿಸಿದಾಗಲೆಲ್ಲ ಬರುವಂಥದ್ದೇ. ಹೊಸ್ತಿಲಲ್ಲಿ ನಿಂತಾಗಲೇ ಏನು ಸುಟ್ಟಿದೆ, ಯಾಕೆ ಸುಟ್ಟಿದೆ ಎಂದು ತಿಳಿದುಹೋಯಿತು. ಬೋರ್ಡು ಹೋಯಿತು, ಡಿಸ್ಕು ಹೋಯಿತು, ಡಿಸ್ಕಿನೊಳಗಿದ್ದ ಹನ್ನೊಂದು ಮನೆಗಳ ನಕ್ಷೆ ಹೋಯಿತು. ಅವಳು ಗೋಡೆಗೆ ಒರಗಿ ನಿಂತು, "ಕರೆಂಟಿನವರು ಏನೋ ಮಾಡಿದ್ದಾರೆ ಅಲ್ವಾ?" ಎಂದು ಕೇಳಿದಳು. ಹೌದು ಎನ್ನಲು ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ. ಅವನು ತಲೆಯಾಡಿಸಿದ್ದ, ಅಷ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವಳು ಸುಮ್ಮನೆ ಕೂರುವವಳಲ್ಲ. ವಿದ್ಯುತ್ ಕಚೇರಿಗೆ ದೂರು ಕೊಡಬೇಕೆಂದಳು. ಅವನ ಅಕ್ಷರ ದುಂಡಗಿದೆ ಎಂದು ಅವನ ಕೈಯಲ್ಲೇ ಬರೆಸಿದಳು. 'ವೋಲ್ಟೇಜಿನ ಏರುಪೇರಿನಿಂದ ಆಗಿರುವ ನಷ್ಟ' ಎಂದು ತಾನು ಬರೆದ ಸಾಲನ್ನು ತಾನೇ ನಂಬುವಂತಾಗಲಿ ಎಂದು ಅವನು ಎರಡೆರಡು ಸಲ ಓದಿಕೊಂಡ. ಕಚೇರಿಯ ಗುಮಾಸ್ತ ಅರ್ಜಿಯನ್ನು ತಿರುವಿ ನೋಡಿ, "ನಿಮ್ಮ ಬೀದೀಲಿ ನಲವತ್ತು ಮನೆ ಇವೆ. ಕರೆಂಟು ನಿಮ್ಮ ಮನೇನೇ ಹುಡುಕ್ಕೊಂಡು ಬಂತಾ ಅಮ್ಮ?" ಎಂದ. ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವಳ ಕಿವಿಯ ತುದಿ ಕೆಂಪಾಯಿತು. ಆದರೂ ಬಿಡದೆ ನಿಯಮ, ಹಕ್ಕು ಎಂದು ಏನೇನೋ ವಾದಿಸಿದಳು. ಅವಳ ಪಕ್ಕದಲ್ಲಿ ನಿಂತಿದ್ದ ಅವನು ಗೋಡೆಗೆ ಅಂಟಿಸಿದ್ದ ಸೂಚನೆಯನ್ನು ಓದುತ್ತಿದ್ದ: ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬಾರದು. ಆ ವಾರವೆಲ್ಲ ಅವಳು ಗಿರಾಕಿಗಳಿಗೆ ಒಬ್ಬೊಬ್ಬರಾಗಿ ಫೋನು ಮಾಡಿ ಕ್ಷಮೆ ಕೇಳಿದಳು. ನೆನಪಿನಿಂದಲೇ ಮತ್ತೆ ಬಿಡಿಸಿಕೊಟ್ಟ ಒಂದು ನಕ್ಷೆಯಲ್ಲಿ ಮೆಟ್ಟಿಲು ಅರ್ಧ ಅಡಿ ತಪ್ಪಿತ್ತು, ಹಳೆಯ ಮೇಸ್ತ್ರಿಯೊಬ್ಬ ಮನೆ ಬಾಗಿಲಿಗೇ ಬಂದು, "ಕಟ್ಟಿದ್ದನ್ನ ಒಡೆಸಿದೆ ತಾಯಿ, ಆ ಕೂಲಿ ಯಾರು ಕೊಡ್ತಾರೆ?" ಎಂದು ಕೂಗಾಡಿದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅಡುಗೆಮನೆಯಲ್ಲಿದ್ದ ಅವನು ನಲ್ಲಿಯನ್ನು ಜೋರಾಗಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದ.

ಹತ್ತು ಗಂಟೆಗೆ ಇಬ್ಬರೂ ಹೊರಟರು. ಹಳೆಯ ಯಂತ್ರದ ಹೊರಪೆಟ್ಟಿಗೆ, ಕ್ಯಾಬಿನೆಟ್ಟನ್ನಾದರೂ ಉಳಿಸಿಕೊಂಡರೆ ಎರಡು ಸಾವಿರ ಮಿಗುತ್ತದೆ ಎಂದು ಅವಳು ಅದನ್ನು ಹಳೆಯ ದುಪ್ಪಟಿಯಲ್ಲಿ ಗಂಟು ಕಟ್ಟಿದ್ದಳು. "ಅದೆಲ್ಲ ಯಾಕೆ, ಹೊಸದೇ ತಗೊಳ್ಳೋಣ" ಎಂದು ಅವನು ಮೂರು ಸಲ ಹೇಳಿದ. "ಡಬ್ಬ ಸುಟ್ಟಿಲ್ಲವಲ್ಲ" ಎಂದು ಅವಳು ಮೂರು ಸಲವೂ ಅಂದಳು. ಬಸ್ಸಿನಲ್ಲಿ ಅವನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪ್ರತಿ ಉಬ್ಬಿನಲ್ಲೂ ಒಳಗೆ ಏನೋ ಸಡಿಲವಾದದ್ದು ಕಟಕಟ ಎನ್ನುತ್ತಿತ್ತು. ಅವನಿಗೆ ಪಟ್ಟಿಯ ಮೇಲೆ ಸಿಟ್ಟು, ದಿನಕ್ಕೊಂದು ಬೆಲೆ ಹೇಳುವ ಅಂಗಡಿಗಳ ಮೇಲೆ ಸಿಟ್ಟು, ತನಗೆ ಬೆನ್ನು ಹಾಕಿ ಕಿಟಕಿಯಾಚೆ ಕಟ್ಟುತ್ತಿರುವ ಮನೆಗಳನ್ನು ಅಳೆಯುವವಳಂತೆ ನೋಡುತ್ತಿದ್ದ ಹೆಂಡತಿಯ ಮೇಲೆ ಕೂಡ ಸಿಟ್ಟು. ಅವಳು ಒಂದು ಸಲವಾದರೂ ಅನುಮಾನಪಟ್ಟಿದ್ದರೆ ಎಷ್ಟು ಸುಲಭವಿತ್ತು.

ಕಂಪ್ಯೂಟರ್ ಅಂಗಡಿಗಳ ಓಣಿಯಲ್ಲಿ ಮೇಲುಮಹಡಿಯ ದೊಡ್ಡ ಅಂಗಡಿಗೆ ಅವನೇ ಕರೆದುಕೊಂಡು ಹೋದ. ಗಾಜಿನ ಮೇಜಿನ ಹಿಂದೆ, ಕತ್ತಿಗೆ ದೀಪದ ಭೂತಕನ್ನಡಿ ನೇತುಹಾಕಿಕೊಂಡಿದ್ದ ಯುವತಿಯೊಬ್ಬಳು ಕೂತಿದ್ದಳು. ಅಲ್ಲಿ ಮಾರುವವಳೂ ಜೋಡಿಸುವವಳೂ ಅವಳೇ. ಅವನು ಪಟ್ಟಿ ಚಾಚಿದ. ಅವಳು ಮೇಲಿಂದ ಕೆಳಗೆ ಕಣ್ಣಾಡಿಸಿ, "ಸರ್, ಇದನ್ನ ಯಾರು ಬರ್ಕೊಟ್ರು?" ಎಂದು ಕೇಳಿದಳು.

"ನಾನೇ. ಯಾಕೆ?"

"ಈ ಪ್ರೊಸೆಸರಿಗೆ ಈ ಬೋರ್ಡು ಹೊಂದಲ್ಲ. ಕಾಲುಗಳೇ ಬೇರೆ. ತಗೊಂಡ್ರೆ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡಬೇಕಷ್ಟೇ."

ಹೆಂಡತಿ ಅವನ ಮುಖ ನೋಡಲಿಲ್ಲ. ಅದು ಅವಳ ದಾಕ್ಷಿಣ್ಯ. ಅವನು ಗಂಟಲು ಸರಿಮಾಡಿಕೊಂಡು, ಮೊದಲಿನ ಕಾಲದಲ್ಲಿ ಹೀಗಿರಲಿಲ್ಲ, ಆಗ ಒಂದೇ ಬೋರ್ಡಿಗೆ ಮೂರು ತಲೆಮಾರಿನ ಪ್ರೊಸೆಸರು ಹಿಡಿಸುತ್ತಿತ್ತು ಎಂದು ಏನೋ ಹೇಳತೊಡಗಿದ. ಯುವತಿ ತಾಳ್ಮೆಯಿಂದ ಕೇಳಿ, ಅವನು ನಿಲ್ಲಿಸಿದ ಕೂಡಲೇ, "ಹಳೇದು ಏನಾದ್ರೂ ತಂದಿದೀರಾ? ಏನು ಉಳಿಸ್ಕೋಬಹುದು ನೋಡ್ತೀನಿ" ಎಂದಳು. ಬೇಡ, ಅದರಲ್ಲೇನೂ ಇಲ್ಲ ಎಂದು ಅವನು ಹೇಳುವಷ್ಟರಲ್ಲಿ ಹೆಂಡತಿ ದುಪ್ಪಟಿಯ ಗಂಟು ಬಿಚ್ಚಿದ್ದಳು.

ನಾಲ್ಕು ಸ್ಕ್ರೂ ತೆಗೆಯುವುದಕ್ಕೆ ಯುವತಿಗೆ ಅರೆ ನಿಮಿಷವೂ ಬೇಕಾಗಲಿಲ್ಲ. ಒಳಗೆ ಕೈ ಹಾಕಿ ಮಸಿ ಹಿಡಿದ ಡಬ್ಬಿಯನ್ನು ಹೊರಗೆಳೆದು, ಅಂಗೈ ಮೇಲೆ ಒಮ್ಮೆ ಎತ್ತಿ ಇಳಿಸಿ, ಹೆಂಡತಿಯ ಎಡಗೈಗೆ ಕೊಟ್ಟಳು. ಕಪಾಟಿನಿಂದ ಅದೇ ಅಳತೆಯ ಹೊಸದೊಂದನ್ನು ತೆಗೆದು ಬಲಗೈಗೆ ಕೊಟ್ಟಳು. "ಕಣ್ಣು ಮುಚ್ಕೊಂಡು ನೋಡಿ ಅಕ್ಕ."

ಹೆಂಡತಿ ನಿಜವಾಗಿಯೂ ಕಣ್ಣು ಮುಚ್ಚಿದಳು. ಬಲಗೈ ಕೆಳಗಿಳಿಯಿತು, ಎಡಗೈ ಗಾಳಿಯಲ್ಲೇ ನಿಂತಿತು. "ಇದರಲ್ಲಿ ತೂಕವೇ ಇಲ್ಲವಲ್ಲ."

"ಒಳಗೆ ಇರಬೇಕಾದ್ದು ಇಲ್ಲ, ಅದಕ್ಕೆ. ಒಳ್ಳೇದಾದ್ರೆ ಸುಡೋವಾಗ ತಾನೊಂದೇ ಸುಡುತ್ತೆ. ಇದು ಊರನ್ನೆಲ್ಲ ಕರ್ಕೊಂಡು ಹೋಗಿದೆ."

"ಕರೆಂಟಿನವರಿಂದ ಅಲ್ವಾ ಇದು?"

"ಕರೆಂಟಿನವರು ಏನು ಮಾಡ್ತಾರೆ ಅಕ್ಕ. ಈ ಡಬ್ಬೀಗೆ ಸಾಯೋಕೆ ಒಂದು ನೆಪ ಸಾಕಿತ್ತು. ಯಾವ ಅಂಗಡಿಯವರು ತಲೆಗೆ ಕಟ್ಟಿದ್ದು ಇದನ್ನ?"

ಹೆಂಡತಿ ಕಣ್ಣು ತೆರೆದು ಅವನ ಕಡೆ ತಿರುಗಿದಳು. ಆ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ತನ್ನ ಗಂಡನಿಗೆ ಯಾರೋ ಮೋಸ ಮಾಡಿದ್ದಾರೆ ಎಂಬ ಸಂಕಟ ಮಾತ್ರವಿತ್ತು. "ಯಾವ ಅಂಗಡಿ ರೀ?"

ಆಗಲೇ ಹೇಳಿಬಿಡಬಹುದಿತ್ತು. ಆದರೆ ಗಾಜಿನ ಮೇಜು, ಯುವತಿಯ ಕತ್ತಿನಲ್ಲಿ ಉರಿಯುತ್ತಿದ್ದ ದೀಪ, ಎರಡೂ ಕೈಯಲ್ಲಿ ಎರಡು ಡಬ್ಬಿ ಹಿಡಿದು ತಕ್ಕಡಿಯ ಹಾಗೆ ನಿಂತ ಹೆಂಡತಿ. ಅವನ ನಾಲಿಗೆ ತಾನಾಗಿಯೇ ಹೊರಳಿತು. "ಕೆಳಗೆ ಮೂಲೇಲಿ ಒಬ್ಬರು ಮುದುಕರಿದ್ದರು ನೋಡು, ಅವರ ಅಂಗಡಿ. ಈಗ ಮುಚ್ಚಿರಬೇಕು."

"ಮುಚ್ಚಿಲ್ಲವಲ್ಲ, ಬೆಳಿಗ್ಗೆ ನಾನೇ ಅಲ್ಲಿಂದ ಸ್ಕ್ರೂ ತಂದೆ" ಎಂದಳು ಯುವತಿ. ಆಮೇಲೆ ಅವಳಿಗೇ ಏನೋ ಸರಿಬರದೆ, "ಆದ್ರೆ ಅವರು ಹಾಗೆ ಮಾಡೋರಲ್ಲ ಸರ್" ಎಂದು ಸೇರಿಸಿದಳು. ಅಷ್ಟರಲ್ಲಿ ಹೆಂಡತಿ ಸುಟ್ಟ ಡಬ್ಬಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು.

ಓಣಿಯಲ್ಲಿ ಅವಳ ಹಿಂದೆ ಓಡುವ ಹಾಗೆ ನಡೆಯುತ್ತ ಅವನು, "ಬಿಟ್ಟುಬಿಡು, ಮೂರು ವರ್ಷ ಆಯ್ತು, ಈಗ ಏನು ಪ್ರಯೋಜನ" ಎಂದ. "ವಯಸ್ಸಾದವರು ಪಾಪ" ಎಂದ. "ನನಗೆ ಬಿಸಿಲಿಗೆ ತಲೆ ಸುತ್ತುತ್ತಿದೆ" ಎಂದೂ ಹೇಳಿದ. ಅವಳು ನಿಲ್ಲಲಿಲ್ಲ. "ನಿಮ್ಮದು ಯಾವಾಗಲೂ ಇದೇ ಆಯ್ತು. ಎಲ್ಲರಿಗೂ ಮೆತ್ತಗೆ. ಅದಕ್ಕೇ ಎಲ್ಲರೂ ನಿಮ್ಮ ತಲೆ ಮೇಲೆ ಕೈ ಎಳೀತಾರೆ."

ಮೂಲೆಯ ಅಂಗಡಿ ಅಂಗಡಿಗಿಂತ ಓಣಿಯ ಮುಂದುವರಿಕೆಯಂತಿತ್ತು. ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮುದುಕ, ಯಾವುದೋ ಕಾರಿನಿಂದ ಕಿತ್ತು ತಂದ ಸೀಟಿನ ಮೇಲೆ ಕೂತು, ಗಿರಾಕಿಯೊಬ್ಬನಿಗೆ ಕೀಬೋರ್ಡು ತೋರಿಸುತ್ತಿದ್ದ. ಹೆಂಡತಿ ಡಬ್ಬಿಯನ್ನು ಮುದುಕನ ಮುಂದೆ ಕುಕ್ಕಿದಳು. "ನಾಲ್ಕು ಸಾವಿರ ತಗೊಂಡು ಇದನ್ನ ಕೊಟ್ಟಿದೀರಿ ಯಜಮಾನ್ರೆ. ನೋಡ್ಕೊಳ್ಳಿ, ತಾರೀಖಿನ ಚೀಟಿನೂ ಇದೆ ಮೇಲೆ."

ಮುದುಕ ಡಬ್ಬಿಯನ್ನು ತಿರುಗಿಸಿ, ಬದಿಯಲ್ಲಿ ಅಂಟಿದ್ದ ಚೀಟಿಯಲ್ಲಿ ತನ್ನದೇ ಅಕ್ಷರದ ತಾರೀಖು ಓದಿದ. ಆಮೇಲೆ ತಲೆಯೆತ್ತಿ, ಅವಳ ಭುಜದಾಚೆ ನಿಂತಿದ್ದ ಅವನನ್ನು ನೋಡಿದ. ಗುರುತು ಹತ್ತಿತು. ಹತ್ತಿತೆಂದು ಅವನಿಗೂ ಗೊತ್ತಾಯಿತು. 'ಇದು ಬೇಡಪ್ಪ, ಹಾಡು ಕೇಳೋ ಡಬ್ಬಕ್ಕೆ ಮಾತ್ರ ಇದನ್ನ ಕೊಡೋದು' ಎಂದು ಇದೇ ಮುದುಕ ಅವತ್ತು ಎರಡು ಸಲ ಹೇಳಿದ್ದ. 'ನಡೆಯುತ್ತೆ ಕೊಡಿ, ನಾನೂ ಇದೇ ಕಸುಬಿನವನು' ಎಂದು ಅವನು ಗತ್ತಿನಿಂದ ಕಸಿದುಕೊಂಡಿದ್ದ. ಈಗ ಮುದುಕ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವನು ಕಾಲ್ಬೆರಳುಗಳನ್ನು ಚಪ್ಪಲಿಯೊಳಗೆ ಬಿಗಿಹಿಡಿದು ನಿಂತ.

"ನಮ್ಮ ಕಡೆಯಿಂದಲೇ ತಪ್ಪಾಗಿರಬೇಕು ತಾಯಿ" ಎಂದ ಮುದುಕ. "ವಯಸ್ಸಾಯ್ತು. ಒಂದರ ಬದಲು ಇನ್ನೊಂದು ಕಟ್ಟಿಕೊಟ್ಟಿರ್ತೀನಿ. ಬೇರೆ ಕೊಡ್ತೀನಿ, ದುಡ್ಡು ಬೇಡ."

"ನಿಮಗೆ ಇದು ಒಂದು ಡಬ್ಬಿ. ನನಗೆ ಹನ್ನೊಂದು ಮನೆ" ಎಂದಳು ಅವಳು. ಎರಡು ತಿಂಗಳಿಂದ ಗುಮಾಸ್ತನಿಗೆ, ಮೇಸ್ತ್ರಿಗೆ, ಫೋನಿನ ಆಚೆಯವರಿಗೆ ಹೇಳಲಾಗದೆ ಒಳಗೆ ಉಳಿದದ್ದೆಲ್ಲ ಈಗ ಒಬ್ಬನೇ ಮುದುಕನ ಮೇಲೆ ಸುರಿಯಿತು. ಕೂದಲು ನೆರೆತ ಮೇಲಾದರೂ ನಿಯತ್ತು ಬೇಡವೇ, ಗೊತ್ತಿಲ್ಲದವರನ್ನು ಹೀಗೆ ಮುಳುಗಿಸಿ ರಾತ್ರಿ ಹೇಗೆ ನಿದ್ದೆ ಬರುತ್ತದೆ ಎಂದಳು. ಕೀಬೋರ್ಡು ನೋಡುತ್ತಿದ್ದ ಗಿರಾಕಿ ಅದನ್ನು ಮೆಲ್ಲಗೆ ಕೆಳಗಿಟ್ಟು, ಇಬ್ಬರ ಮುಖವನ್ನೂ ನೋಡಿ, ಹೊರಟುಹೋದ. ಮುದುಕ ಆ ಗಿರಾಕಿ ಹೋದ ದಾರಿಯನ್ನೇ ನೋಡಿ, ಕೀಬೋರ್ಡನ್ನು ಪ್ಲಾಸ್ಟಿಕ್ಕಿನ ಚೀಲಕ್ಕೆ ವಾಪಸು ಹಾಕತೊಡಗಿದ.

ಅವನಿಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಯಾರು ಕೇಳಿದ್ದರು ಈ ಮುದುಕನ ದೊಡ್ಡಗುಣವನ್ನು? ಯಾವ ಸಂಬಂಧಕ್ಕೆ? ಇದನ್ನು ಹೊತ್ತುಕೊಂಡು ಇನ್ನು ಮೇಲೆ ಈ ಓಣಿಯಲ್ಲಿ ತಾನು ಓಡಾಡಬೇಕು, ಆ ಪುಕ್ಕಟೆ ಡಬ್ಬಿ ತನ್ನ ಮನೆಯೊಳಗೆ ಹಗಲೆಲ್ಲ ಗುಂಯ್ ಎನ್ನುವುದನ್ನು ಕೇಳುತ್ತ ಕೂರಬೇಕು. ಅವನು ಮುದುಕನಿಗೆ ಬೈಯಲೆಂದೇ ಬಾಯಿ ತೆರೆದ. ಬಂದ ಮಾತು ಬೇರೆಯಾಗಿತ್ತು.

"ಅವರದೇನೂ ತಪ್ಪಿಲ್ಲ."

"ನೀವು ಸುಮ್ಮನಿರಿ" ಎಂದಳು ಹೆಂಡತಿ.

"ಅವರು ಬೇಡ ಅಂದಿದ್ರು. ನಾನೇ ಕೇಳಿ ತಗೊಂಡೆ. ಒಂಬೈನೂರಕ್ಕೆ."

ಮುದುಕ ಎದ್ದು, ಒಳಗೆ ಏನೋ ಹುಡುಕುವವನಂತೆ ಬಟ್ಟೆಯ ಪರದೆಯ ಹಿಂದೆ ಹೋದ. ಹೆಂಡತಿ ಡಬ್ಬಿಯ ಮೇಲಿಂದ ಕೈ ತೆಗೆದಳು. ಅಂಗಡಿಯಲ್ಲಿ ಬೆಲೆ ವಿಚಾರಿಸುವಂಥದೇ ದನಿಯಲ್ಲಿ, "ಉಳಿದಿದ್ದು?" ಎಂದು ಕೇಳಿದಳು.

"ಖರ್ಚಾಯ್ತು."

"ಯಾವುದಕ್ಕೆ?"

ಹೇಳುವುದು ಇಷ್ಟು ಕಷ್ಟವಾಗಬಹುದೆಂದು ಅವನಿಗೆ ಅನ್ನಿಸಿರಲಿಲ್ಲ. ಜೂಜು ಎಂದೋ ಸಾಲವೆಂದೋ ಇದ್ದಿದ್ದರೆ ಹೇಳಬಹುದಿತ್ತು. "ಕಾಲೇಜಿನೋರಿಗೆ ಊಟ ಕೊಡಿಸಿದೆ. ಪರೀಕ್ಷೆ ಮುಗಿದ ಮೇಲೆ ಪ್ರತಿ ಸಲ ಒಬ್ಬೊಬ್ಬರು ಕೊಡಿಸ್ತಾರೆ. ಆರು ವರ್ಷ ನನ್ನ ಸರದಿ ಬಂದಾಗೆಲ್ಲ ತಲೆನೋವು ಅಂತ ತಪ್ಪಿಸ್ಕೊಂಡಿದ್ದೆ. ಅವತ್ತು ಏಳು ಜನರನ್ನ ದೊಡ್ಡ ಹೋಟೆಲಿಗೆ ಕರ್ಕೊಂಡು ಹೋದೆ."

"ನನ್ನನ್ನ ಕೇಳಿದ್ದರೆ ಕೊಡ್ತಿದ್ದೆ."

"ಗೊತ್ತು."

"ಚೆನ್ನಾಗಿತ್ತಾ ಊಟ?"

ಅವನು ಅವಳ ಮುಖ ನೋಡಿದ. ಅವಳು ನಿಜಕ್ಕೂ ಉತ್ತರಕ್ಕೆ ಕಾಯುತ್ತಿದ್ದಳು. "ಉಪ್ಪು ಜಾಸ್ತಿ ಅಂದ್ರು" ಎಂದ.

ಅವಳ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು, ನಗುವಲ್ಲ. ಅವನ ಜೇಬಿನಿಂದ ಇಣುಕುತ್ತಿದ್ದ ಪಟ್ಟಿಯನ್ನು ತಾನೇ ಎಳೆದುಕೊಂಡಳು. ಪರದೆಯ ಕಡೆ ತಿರುಗಿ, "ಯಜಮಾನ್ರೆ, ಬನ್ನಿ. ನನ್ನಿಂದ ದೊಡ್ಡ ತಪ್ಪಾಯ್ತು. ಬಾಯಿಗೆ ಬಂದದ್ದೆಲ್ಲ ಅಂದೆ" ಎಂದಳು. ಮುದುಕ ಹೊರಗೆ ಬಂದು, "ಇರಲಿ ತಾಯಿ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದುಕೊಟ್ಟ. ಒಂದೇ ಸ್ಟೂಲಿತ್ತು.

"ಅರವತ್ತರಲ್ಲಿ ನನಗೊಂದು ಯಂತ್ರ ಬೇಕು. ಬೋರ್ಡು ಹೊಂದಲ್ಲವಂತೆ. ಕಾರ್ಡಿಗೆ ದುಡ್ಡು ಸಾಲ್ತಿಲ್ಲ."

ಮುದುಕ ಪಟ್ಟಿಯನ್ನು ದೂರ ಹಿಡಿದು ಓದಿ, "ನೀವು ಬಿಡಿಸೋದು ಬರೀ ಗೆರೆಯ ನಕ್ಷೆಯೋ, ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತೆ ಅಂತ ಬಣ್ಣ ತುಂಬಿ ತೋರಿಸೋದೂ ಉಂಟೋ?" ಎಂದು ಕೇಳಿದ.

"ಗೆರೆ ಮಾತ್ರ. ನನ್ನ ಗಿರಾಕಿಗಳಿಗೆ ಅಷ್ಟೇ ಸಾಕು."

"ಹಾಗಾದ್ರೆ ಈ ದೊಡ್ಡ ಕಾರ್ಡು ಯಾಕೆ ತಾಯಿ? ಇದು ಆಟ ಆಡೋರಿಗೆ. ನಿಮ್ಮ ಕೆಲಸಕ್ಕೆ ಪ್ರೊಸೆಸರಿನ ಜೊತೆ ಬರೋದೇ ಧಾರಾಳ."

ಅಷ್ಟೇ. ಎರಡು ತಿಂಗಳು ಹೊಂದದೆ ಕಾಡಿದ ಲೆಕ್ಕ ಒಂದೇ ಪ್ರಶ್ನೆಗೆ ಕೂಡಿಬಂತು. ಆ ಕಾರ್ಡಿಗಾಗಿ ಅವನು ಪರದೆಯನ್ನು ಚಿಕ್ಕದು ಮಾಡಿದ್ದ, ರ‍್ಯಾಮ್ ಅರ್ಧಕ್ಕಿಳಿಸಿದ್ದ, ಅವಳ ಮೇಲೆ ರೇಗಿದ್ದ. ನೀನು ಬಿಡಿಸುವುದು ಏನನ್ನು ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಹದಿನಾಲ್ಕು ವರ್ಷ ಅವಳ ಬೆನ್ನ ಹಿಂದೆ ಓಡಾಡಿದ್ದ, ಹಲಗೆಯ ಮೇಲೆ, ಆಮೇಲೆ ಪರದೆಯ ಮೇಲೆ ಗೆರೆಗಳನ್ನು ಕಂಡಿದ್ದ, ನಿಂತು ನೋಡಿರಲಿಲ್ಲ. ಡಬ್ಬಿಯ ವಿಷಯ ಹೇಳಿಕೊಂಡಾಗ ಬಾರದ ನಾಚಿಕೆ ಈಗ ಬಂದು ಅವನ ಕತ್ತನ್ನು ಬಿಸಿಮಾಡಿತು.

ಹೆಂಡತಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಕಾರ್ಡಿನ ಸಾಲನ್ನು ಹೊಡೆದು ಹಾಕಿದಳು. ಒಂದೊಂದನ್ನೂ ಕೇಳಿ, ಕೈಯಲ್ಲಿ ಹಿಡಿದು, ಅರ್ಥವಾಗದ್ದನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡಳು. ಮಿಕ್ಕಿದ ದುಡ್ಡಿಗೆ ನಕಲಿಟ್ಟುಕೊಳ್ಳಲು ಬೇರೆಯೇ ಒಂದು ಡಿಸ್ಕು ತೆಗೆದುಕೊಂಡಳು. ಪವರ್ ಸಪ್ಲೈ ಮಾತ್ರ ಮುದುಕ ಕೊಟ್ಟದ್ದನ್ನು ವಾಪಸು ಇಟ್ಟು, "ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಕೊಡಿ. ಪೂರ್ತಿ ಬೆಲೆಗೆ" ಎಂದಳು. ಬಿಲ್ಲು ಯಾರ ಹೆಸರಿಗೆ ಎಂದು ಮುದುಕ ಕೇಳಿದಾಗ ತನ್ನ ಹೆಸರು ಹೇಳಿದಳು. "ನಾನು ಜೋಡಿಸ್ತೀನಿ ಮನೇಲಿ" ಎಂದು ಅವನು ಬಾಯಿಬಿಟ್ಟ. "ಇಲ್ಲೇ ಜೋಡಿಸಿಕೊಡಿ" ಎಂದು ಅವಳು ಮುದುಕನಿಗೆ ಹೇಳಿದಳು.

ಹಳೆಯ ಕ್ಯಾಬಿನೆಟ್ಟು ತರಲು ಅವನನ್ನು ಮೇಲಿನ ಅಂಗಡಿಗೆ ಕಳಿಸಿದಳು. ಭೂತಕನ್ನಡಿಯ ಯುವತಿ ದುಪ್ಪಟಿಯ ಗಂಟನ್ನು ಎತ್ತಿಕೊಡುತ್ತ, "ಸಿಕ್ಕಿದ್ರಾ ಸರ್?" ಎಂದು ಕೇಳಿದಳು. "ಸಿಕ್ಕಿದ್ರು" ಎಂದ. ಮೆಟ್ಟಿಲಿಳಿಯುವಾಗ, ಹೇಳಿಕೊಂಡ ಮೇಲೆ ಎದೆ ಹಗುರಾಗುತ್ತದೆ ಎಂದು ಜನ ಆಡುವ ಮಾತು ಎಷ್ಟು ಸುಳ್ಳು ಎಂದುಕೊಂಡ. ಏನೂ ಇಳಿದಿರಲಿಲ್ಲ. ಹಿಡಿದುಕೊಳ್ಳಲು ಇದ್ದ ಒಂದು ಹಿಡಿ ಮಾತ್ರ ಕಳಚಿಹೋದಂತಿತ್ತು.

ಎರಡು ಗಂಟೆ ಅವನು ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಮುದುಕ ಸ್ಕ್ರೂ ತಿರುಗಿಸುತ್ತಿದ್ದ. ಹೆಂಡತಿ ಟಾರ್ಚು ಹಿಡಿದು ಯಾವುದು ಎಲ್ಲಿ ಕೂರುತ್ತದೆ ಎಂದು ಕೇಳುತ್ತಿದ್ದಳು. ಒಂದು ತಂತಿಯನ್ನು ಮುದುಕ ತಪ್ಪು ಕಡೆಯಿಂದ ಬಳಸಿ ತಂದದ್ದು ಹೊರಗಿನಿಂದಲೇ ಅವನಿಗೆ ಕಂಡಿತು. ಹೇಳಲೇ ಬೇಡವೇ ಎಂದು ಏಳುವುದರೊಳಗೆ, "ಇದು ಆ ಫ್ಯಾನಿಗೆ ತಾಗಲ್ವಾ?" ಎಂದು ಅವಳೇ ಕೇಳಿದಳು. ಅವನು ಮತ್ತೆ ಕೂತ.

ಬಸ್ ನಿಲ್ದಾಣದವರೆಗೆ ಅವನೇ ಯಂತ್ರವನ್ನು ಹೊತ್ತ. ಮೊದಲಿಗಿಂತ ಭಾರವಾಗಿತ್ತು, ಒಳಗೆ ಕಟಕಟ ಸದ್ದಿರಲಿಲ್ಲ. ಪರದೆಯ ಪೆಟ್ಟಿಗೆ ಅವಳ ಕೈಯಲ್ಲಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಎರಡೇ ಮಾತು: ಒಂದು, "ಗುಂಡಿ ಇದೆ", ಇನ್ನೊಂದು, "ಎಡಕ್ಕೆ". ಕೂಲಿಯವನಿಗೆ ಹೇಳುವುದಕ್ಕಿಂತ ಒರಟಾಗಿಯೂ ಅಲ್ಲ, ಮೃದುವಾಗಿಯೂ ಅಲ್ಲ. ಬೈದಿದ್ದರೆ ಅವನು ಎದುರು ಮಾತಾಡಬಹುದಿತ್ತು. ಅದಕ್ಕಾಗಿ ಮೂರು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ, ಮೂರೂ ಬಾಯಲ್ಲೇ ಒಣಗಿದವು.

ಬಸ್ಸು ತುಂಬಿ ಬಂತು. ಮುಂದಿನ ಬಾಗಿಲ ಬಳಿ ಇಬ್ಬರು ಕೂರುವ ಸೀಟೊಂದು ಮಾತ್ರ ಖಾಲಿಯಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ಪರದೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಯಂತ್ರವನ್ನು ಎತ್ತಿಕೊಟ್ಟ. ಅವಳು ಅದನ್ನು ಪಕ್ಕದ ಸೀಟಿನ ಮೇಲೆ ಕೂರಿಸಿ, ಬೀಳದಂತೆ ತೋಳು ಬಳಸಿ ಹಿಡಿದಳು. ಅವನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟ.

"ನೀವು ಮುಂದಿನದರಲ್ಲಿ ಬನ್ನಿ. ಇದರಲ್ಲಿ ನಮ್ಮಿಬ್ಬರಿಗೇ ಜಾಗ" ಎಂದಳು.

ಯಾವ ಇಬ್ಬರು ಎಂದು ತಿಳಿಯಲು ಅವನಿಗೆ ಅರೆಕ್ಷಣ ಬೇಕಾಯಿತು. ಕಾಲು ಹಿಂದಕ್ಕೆ ತೆಗೆದುಕೊಂಡ. ಕಂಡಕ್ಟರು ಯಂತ್ರವನ್ನೂ ಅವನನ್ನೂ ನೋಡಿ ಅವಳನ್ನು ಏನೋ ಕೇಳಿದ. ಅವಳು ಎರಡು ಟಿಕೇಟಿನ ಚಿಲ್ಲರೆ ಎಣಿಸಿ ಕೊಡುತ್ತ ಕಿಟಕಿಯಾಚೆ ಒಮ್ಮೆ ಕೈ ತೋರಿಸಿ ಒಂದೇ ಮಾತು ಹೇಳಿದಳು. ಬರುತ್ತಾರೆ ಎಂದಳೋ, ಬರಲಿ ಎಂದಳೋ, ಹೊರಟ ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ತುಟಿಯ ಆಕಾರವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿ ನೋಡುತ್ತ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ, ಅವನು ಮುಂದಿನ ಬಸ್ಸು ಬರುವ ದಿಕ್ಕಿಗೆ ಮುಖಮಾಡಿ ನಿಂತ.